ಮಣ್ಣಿಗೆ ಬಣ್ಣ ಹಚ್ಚುತ್ತಿದ್ದ ಮಾಸ್ಟ್ರು

ಅವರ ಎಡಗೈ ಮಣಿಕಟ್ಟಿನ ಒಳಗಡೆ ಯಾವಾಗಲೂ ನಾಲ್ಕೈದು ಬಣ್ಣದ ಗೀಟುಗಳು ಇರುತ್ತಿದ್ದವು. ಬೂದು, ಇಟ್ಟಿಗೆ ಕೆಂಪು, ಒಣಗಿದ ಸೆಗಣಿಯ ಬಣ್ಣ, ಹಾಲು ಜಾಸ್ತಿಯಾದ ಚಹಾದ ಬಣ್ಣ. ಪರ್ಕಳದಿಂದ ಮಣಿಪಾಲಕ್ಕೆ ಬರುವ ಬಸ್ಸಿನ ಕಂಡಕ್ಟರ್ ಟಿಕೇಟು ಕೊಡುವಾಗ ಆ ಕೈ ನೋಡಿ, "ಇವತ್ತು ಯಾವ ಊರು ಮಾಸ್ಟ್ರೇ?" ಎಂದು ಕೇಳುತ್ತಿದ್ದ.

"ಹೂಡೆ. ನದಿ ಬದಿ," ಎನ್ನುತ್ತಿದ್ದರು ಇವರು. "ನಿನ್ನೆ ಕಾರ್ಕಳ ಇತ್ತು. ಸ್ನಾನದಲ್ಲಿ ಹೋಯಿತು."

ಬಸ್ಸಿನಲ್ಲಿದ್ದವರು ನಗುತ್ತಿದ್ದರು. ಇವರು ಮಾತ್ರ ಹೇಳಿದವರು ತಾವಲ್ಲ ಎಂಬ ಹಾಗೆ ಕಿಟಕಿಯಿಂದ ಹೊರಗೆ, ರಸ್ತೆಗಾಗಿ ಕಡಿದ ಗುಡ್ಡದ ಬದಿಯನ್ನು ನೋಡುತ್ತಾ ಕೂರುತ್ತಿದ್ದರು.

ಅವರು ತೀರಿಹೋದ ಸುದ್ದಿ ನನಗೆ ಸಿಕ್ಕಿದ್ದು ಕಳೆದ ತಿಂಗಳು, ಕಾರ್ಕಳದ ಕಡೆಯ ಒಬ್ಬ ಬಡಗಿಯಿಂದ. ಅಷ್ಟರಲ್ಲಿ ಹದಿಮೂರನೇ ದಿನದ ಬೊಜ್ಜವೂ ಮುಗಿದಿತ್ತು. ಹೋಗಿ ನೋಡಲಿಕ್ಕೆ ಇರಲಿಲ್ಲ. ಬರೆಯುವುದು ನನ್ನ ಕಸುಬಲ್ಲ, ಬೋರ್ಡು ಬರೆಯುವುದು ಕಸುಬು. ಆದರೂ ಅವರ ಬಗ್ಗೆ ಒಂದು ಮಾತು ಹೇಳಬೇಕಾದವನು ನಾನೇ.

ಮಾಸ್ಟ್ರು ಎಂದು ಕರೆಯುತ್ತಿದ್ದೆವೇ ಹೊರತು ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಮಣಿಪಾಲದ ಒಂದು ಸಂಸ್ಥೆಯ ಹಿಂಬದಿಯಲ್ಲಿ ಶೀಟು ಹೊದಿಸಿದ ಒಂದು ಉದ್ದನೆಯ ಶೆಡ್ಡು ಇತ್ತು. ಅಲ್ಲಿ ಮಾದರಿಗಳನ್ನು ಮಾಡುತ್ತಿದ್ದರು. ಒಂದು ಇಡೀ ಊರು, ಗದ್ದೆ, ಗುಡ್ಡ, ಹೊಳೆ, ಎಲ್ಲವೂ ಒಂದು ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕದಾಗಿ. ಮನೆಗಳನ್ನು ರಟ್ಟಿನಲ್ಲಿ ಮಾಡುವವನು ಬೇರೆ, ತಂತಿ ಮತ್ತು ನಾರಿನಿಂದ ತೆಂಗಿನಮರ ಕಟ್ಟುವವನು ಬೇರೆ. ನೆಲ ಮಾತ್ರ ಮಾಸ್ಟ್ರದ್ದು. ಹಲಗೆಯ ಮೇಲೆ ಕಾಗದದ ಮುದ್ದೆ, ಮರದ ಹುಡಿ, ಪ್ಲಾಸ್ಟರ್ ಮೆತ್ತಿ ಏರು ತಗ್ಗು ಮಾಡಿ, ಅದಕ್ಕೆ ಆಯಾ ಊರಿನ ಮಣ್ಣಿನ ಬಣ್ಣ ಕೊಡುವುದು. "ಮನೆ ಯಾರು ಬೇಕಾದರೂ ಮಾಡುತ್ತಾರೆ ಮಾರಾಯ. ಅದು ಯಾವ ಊರಿನಲ್ಲಿ ಕೂತಿದೆ ಎಂದು ಹೇಳುವುದು ನೆಲ," ಎನ್ನುವುದು ಅವರ ಮಾತು.

ನಾನು ಕಾಪುವಿನವನು. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ದೋಣಿಗಳಿಗೆ ಬಣ್ಣ ಹೊಡೆದೆ. ಆಮೇಲೆ ಅಂಗಡಿ ಬೋರ್ಡು ಬರೆದೆ. ಹೆಜಮಾಡಿಯಿಂದ ಉಡುಪಿಯವರೆಗೆ ನನ್ನ ಅಕ್ಷರ ಇಲ್ಲದ ಪೇಟೆ ಇರಲಿಲ್ಲ. ಮೂವತ್ತು ವರ್ಷ ವಯಸ್ಸಿನಲ್ಲಿ ಶೆಡ್ಡಿಗೆ ಸೇರಿದಾಗ ನನಗೆ ಕಲಿಸುವವರು ಯಾರಾದರೂ ಇದ್ದಾರೆ ಎಂಬ ಯೋಚನೆಯೇ ಇರಲಿಲ್ಲ.

ಮೊದಲ ದಿನ ಒಂದು ಹಲಗೆ ಕೊಟ್ಟರು. ಅದರ ಮೇಲೆ ಚಿಕ್ಕದೊಂದು ಗುಡ್ಡ. "ಇದು ಪರ್ಕಳದ ಹತ್ತಿರದ ಗುಡ್ಡ. ನೆಲ ಮಾಡು," ಎಂದರು. ನಾನು ಕೆಂಪು ಡಬ್ಬಿ ಒಡೆದು ಒಂದೇ ಗಂಟೆಯಲ್ಲಿ ಮುಗಿಸಿದೆ. ಹುಡುಕಿದರೂ ಒಂದು ಬ್ರಷ್ಷಿನ ಗುರುತು ಇಲ್ಲ. ಮಾಸ್ಟ್ರು ಬಂದು ಸುತ್ತ ಒಂದು ಬಾರಿ ನಡೆದು ನೋಡಿದರು.

"ಚಂದ ಉಂಟು. ರೆಡಾಕ್ಸೈಡ್ ಹಾಕಿದ ಜಗಲಿಯ ಹಾಗೆ ಉಂಟು. ಎಲೆ ಹಾಕಿ ಊಟಕ್ಕೆ ಕೂರಬಹುದು."

ಹೇಳಿ, ಒದ್ದೆ ಬಟ್ಟೆ ತೆಗೆದುಕೊಂಡು ನನ್ನ ಕಣ್ಣೆದುರಿಗೇ ಎಲ್ಲವನ್ನೂ ಒರೆಸಿದರು.

ನನಗೆ ಮೈ ಉರಿಯಿತು. "ಪರ್ಕಳದ ಮಣ್ಣು ಕೆಂಪು ಅಲ್ವಾ ಮಾಸ್ಟ್ರೇ?"

"ಯಾರು ಹೇಳಿದ್ದು?"

"ಯಾರು ಎಂತ ಹೇಳುವುದು? ಕಣ್ಣಿಗೆ ಕಾಣುವುದಿಲ್ವಾ?"

"ಬಾ," ಎಂದು ಶೆಡ್ಡಿನ ಆಚೆ ಗುಡ್ಡದ ಅಂಚಿಗೆ ಕರೆದುಕೊಂಡು ಹೋದರು. ಕೆಳಗೆ ಹೊಳೆ, ಆಚೆ ಬದಿ ಹೊಸದಾಗಿ ಅಗೆದ ಒಂದು ಇಳಿಜಾರು. ನನ್ನ ಕಾಲ ಬುಡದ ಮಣ್ಣನ್ನು ಒಂದು ಹಿಡಿ ತೆಗೆದು ನನ್ನ ಕೈಗೆ ಹಾಕಿ, "ಈಗ ಕೈ ನೋಡು, ಆಚೆ ನೋಡು," ಎಂದರು. ಕೈಯಲ್ಲಿದ್ದದ್ದು ಕೆಂಪು. ಆಚೆಯದು ಅದೇ ಮಣ್ಣು, ಆದರೆ ಮಾಸಿದ ಕಾವಿ ಬಟ್ಟೆಯನ್ನು ಹೊಗೆಗೆ ಹಿಡಿದ ಹಾಗೆ ಇತ್ತು. ನಲವತ್ತು ಸಲ ಆ ಕಡೆ ಹೋದವನು ನಾನು, ಒಮ್ಮೆಯೂ ನೋಡಿರಲಿಲ್ಲ.

"ನಡುವೆ ಗಾಳಿ ಉಂಟು," ಎಂದರು. "ಮೇಜಿನ ಮೇಲಿನ ಊರನ್ನು ಜನ ನೋಡುವುದು ಹದ್ದು ನೋಡಿದ ಹಾಗೆ. ಆ ಎತ್ತರದ ಗಾಳಿಯನ್ನೂ ನೀನು ಬಣ್ಣದಲ್ಲೇ ಹಾಕಬೇಕು. ಕೆಂಪು ಡಬ್ಬಿ ಮುಚ್ಚು."

ಗಾಳಿ ಹಾಕುವುದು ಎಂದರೆ ಕಾವಿಗೆ ಚಿಟಿಕೆ ಸುಣ್ಣ, ಉಗುರಿನ ತುದಿಯಷ್ಟು ನೀಲಿ, ಕೆಂಪಿನ ಸೊಕ್ಕು ಇಳಿಸಲಿಕ್ಕೆ ಸ್ವಲ್ಪ ಹಸಿರು. ಇದನ್ನು ಒಪ್ಪಿಕೊಳ್ಳಲಿಕ್ಕೆ ನನಗೆ ಎರಡು ದಿನ ಹಿಡಿಯಿತು. ಆ ಎರಡು ದಿನ ಅವರ ಹತ್ತಿರ ಮಾತಾಡಲಿಲ್ಲ. ಅವರಿಗೆ ಅದು ಗೊತ್ತಾದ ಹಾಗೆಯೂ ಕಾಣಲಿಲ್ಲ.

ಮೂರನೇ ದಿನ ನಾನೇ ಒಂದು ಉಪಾಯ ಹೇಳಿದೆ. "ಇಷ್ಟು ಕಷ್ಟ ಯಾಕೆ? ನಿಜವಾದ ಮಣ್ಣನ್ನೇ ಜರಡಿ ಹಿಡಿದು ಅಂಟಿಸಿದರೆ ಆಗುವುದಿಲ್ವಾ?"

"ಮಾಡು," ಎಂದರು.

ಮಾಡಿದೆ. ಬೆಳಿಗ್ಗೆ ನೋಡಿದರೆ ಅಂಟು ಕುಡಿದ ಮಣ್ಣು ಮಳೆಗೆ ನೆನೆದದ್ದು ಒಣಗಲೇ ಇಲ್ಲ ಎನ್ನುವ ಹಾಗೆ ಕಪ್ಪಾಗಿ ಕೂತಿತ್ತು. ಹೆಬ್ಬೆರಳಿನಷ್ಟು ಮನೆಯ ಎದುರಿಗೆ ಒಂದೊಂದು ಕಣವೂ ಕುಂಬಳಕಾಯಿಯಷ್ಟು ಕಾಣುತ್ತಿತ್ತು. ಮಾಸ್ಟ್ರು ಬಗ್ಗಿ ಆ ಮನೆಯ ಬಾಗಿಲ ಮಟ್ಟಕ್ಕೆ ಕಣ್ಣು ಇಟ್ಟರು. "ಪಾಪ, ಈ ಮನುಷ್ಯ ಬಾಗಿಲು ತೆಗೆದರೆ ಎದುರಿಗೆ ಬಂಡೆ. ಕೆಲಸಕ್ಕೆ ಹೇಗೆ ಹೋಗುವುದು ಇವನು?"

ಆ ದಿನ ನನಗೂ ನಗು ಬಂತು. ಅಲ್ಲಿಂದ ಮತ್ತೆ ನಾನು ಕಲಿಯಲಿಕ್ಕೆ ಶುರು ಮಾಡಿದೆ.

ಅವರ ಕೆಲಸದ ರೀತಿ ಹೀಗಿತ್ತು. ಮೊದಲು ಎಲ್ಲಕ್ಕಿಂತ ಗಾಢವಾದ ಬಣ್ಣ, ನೀರಾಗಿ. ಅದು ಬಿರುಕುಗಳಿಗೆ, ಗುಂಡಿಗಳಿಗೆ ತಾನಾಗಿ ಇಳಿಯಬೇಕು. ಅದು ಒಣಗಿದ ಮೇಲೆ ಸ್ವಲ್ಪ ತಿಳಿ, ಆಮೇಲೆ ಇನ್ನೂ ತಿಳಿ. ಕೊನೆಗೆ ಬ್ರಷ್ಷನ್ನು ಬಟ್ಟೆಗೆ ಒರೆಸಿ ಒರೆಸಿ, ಇನ್ನು ಬಣ್ಣವೇ ಇಲ್ಲ ಎನ್ನುವಾಗ, ಉಬ್ಬಿದ ಜಾಗಗಳ ಮೇಲೆ ಬರಿದೇ ಸವರುವುದು. ಹಾಗೆ ಸವರುವಾಗ ಅವರು ಉಸಿರು ಹಿಡಿಯುತ್ತಿದ್ದರು. ಬಣ್ಣ ಬೆರೆಸುವುದು ಬಾಗಿಲ ಹತ್ತಿರ, ಹಗಲ ಬೆಳಕಿನಲ್ಲಿ ಮಾತ್ರ. ಟ್ಯೂಬ್‌ಲೈಟು ಹಾಕಿದರೆ ಬ್ರಷ್ಷು ಕೆಳಗಿಡುತ್ತಿದ್ದರು. ಪರೀಕ್ಷೆಗೆ ಮಣಿಕಟ್ಟು. "ಕಾಗದ ಬಣ್ಣ ಕುಡಿಯುತ್ತದೆ, ಚರ್ಮ ಕುಡಿಯುವುದಿಲ್ಲ." ಚೆನ್ನಾಗಿದೆ ಎಂದು ಬಾಯಿ ಬಿಟ್ಟು ಹೇಳಿದವರಲ್ಲ. ತುಂಬಾ ಖುಷಿಯಾದರೆ, "ಒಣಗಲಿ, ನೋಡುವ," ಎನ್ನುತ್ತಿದ್ದರು.

ಮಣ್ಣಿನ ನಮೂನೆ ತರುವುದಕ್ಕೆ ಅವರದೇ ಒಂದು ಕಟ್ಟಳೆ ಇತ್ತು. ಮನೆಯ ಅಂಗಳದ್ದೇ ಆಗಬೇಕು, ರಸ್ತೆ ಬದಿಯದ್ದು ಬೇಡ. ಅಂಗಳದಲ್ಲಿ ಜನ ನಡೆದಿರುತ್ತಾರೆ, ಗುಡಿಸಿರುತ್ತಾರೆ, ಬೂದಿ ಚೆಲ್ಲಿರುತ್ತಾರೆ, ಬಟ್ಟೆ ಒಗೆದ ನೀರು ಬಿದ್ದಿರುತ್ತದೆ. ಊರಿನ ಬಣ್ಣ ಅದು ಎನ್ನುತ್ತಿದ್ದರು. ಅದಕ್ಕಾಗಿ ತಾವೇ ಹೋಗುತ್ತಿದ್ದರು. ತಂದದ್ದನ್ನು ಖಾಲಿ ಬಾಮಿನ ಬಾಟಲಿಗಳಿಗೆ ತುಂಬಿಸಿ ಶೆಲ್ಫಿನಲ್ಲಿ ಸಾಲಾಗಿ ಇಡುತ್ತಿದ್ದರು. ಚೀಟಿ ಬರೆಯುವ ಕೆಲಸ ನನಗೆ ಕೊಟ್ಟರು. "ನಿನ್ನ ಅಕ್ಷರ ನನ್ನದಕ್ಕಿಂತ ಚಂದ," ಎಂದರು. ಅವರ ಬಾಯಿಂದ ನಾನು ಕೇಳಿದ ಹೊಗಳಿಕೆ ಅದೊಂದೇ. ಆ ಚೀಟಿಗಳನ್ನು ನಾನು ಚಿನ್ನದಂಗಡಿಯ ಬೋರ್ಡಿನ ಹಾಗೆ ಬರೆದೆ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಅವರು ಕಾರ್ಕಳಕ್ಕೆ, ಹೆಂಡತಿಯ ಹತ್ತಿರ ಹೋಗುತ್ತಿದ್ದರು. ಉಳಿದ ದಿನ ಪರ್ಕಳದ ಬಾಡಿಗೆ ಕೋಣೆ. ಸೋಮವಾರ ಬರುವಾಗ ನನ್ನ ಮನೆಗೆಂದು ಹಲಸಿನ ಹಪ್ಪಳದ ಒಂದು ಕಟ್ಟು ಇರುತ್ತಿತ್ತು. ಅದನ್ನು ಕೈಗೆ ಕೊಡುತ್ತಿರಲಿಲ್ಲ. ನನ್ನ ಊಟದ ಚೀಲದ ಮೇಲೆ ಇಟ್ಟು, ಮತ್ತೆ ಕೇಳಿದರೆ, "ಎಂತ ಹಪ್ಪಳ? ನನಗೆ ಗೊತ್ತಿಲ್ಲ," ಎನ್ನುತ್ತಿದ್ದರು.

ಅವರ ನಿವೃತ್ತಿಗೆ ಕೆಲವೇ ತಿಂಗಳು ಇದ್ದಾಗ ಸಂಸ್ಥೆಯವರು ಒಂದು ಹೊಸ ಪ್ರದರ್ಶನದ ಕೋಣೆ ಕಟ್ಟಿಸಿದರು. ಅದಕ್ಕೆ ನಾಲ್ಕು ಊರುಗಳ ಮಾದರಿ ಬೇಕು: ಕಾರ್ಕಳದ ಕಲ್ಲುಬಂಡೆಯ ಬದಿ, ಪರ್ಕಳದ ಗುಡ್ಡ, ಹೂಡೆಯ ಹೊಳೆಬದಿ, ಕಾಪುವಿನ ಕಡಲ ಕರೆ. ಇದು ಸರಿಯಾಗಿ ಹೊತ್ತಿಗೆ ಮುಗಿದರೆ ಮಾಸ್ಟ್ರನ್ನು ಇನ್ನೆರಡು ವರ್ಷ ಇಟ್ಟುಕೊಳ್ಳುವುದೆಂದು ಮುಖ್ಯಸ್ಥರು ಹೇಳಿದ್ದರು. ಮಾಸ್ಟ್ರಿಗೆ ಆ ಎರಡು ವರ್ಷ ಎಷ್ಟು ಬೇಕಿತ್ತು ಎಂಬುದು ನನಗೆ ಗೊತ್ತು. ಇನ್ನೂ ಮಾಡದ ಊರುಗಳ ಹೆಸರನ್ನು ಅವರು ಊಟದ ಹೊತ್ತಿಗೆ ಬೆರಳು ಮಡಿಚಿ ಲೆಕ್ಕ ಹಾಕುತ್ತಿದ್ದರು. ಹತ್ತು ಬೆರಳು ಸಾಲುತ್ತಿರಲಿಲ್ಲ.

ಮೂರು ಮಾದರಿ ಮುಗಿಯಿತು. ಕಾಪುವಿನ ಮಣ್ಣು ತರುವ ಹೊತ್ತಿಗೆ ಅವರ ಮೊಣಕಾಲು ಊದಿತ್ತು. "ನಿನ್ನ ಊರು ಅಲ್ವಾ, ನೀನೇ ತಾ," ಎಂದರು. "ಕಡಲಿಗೆ ಹತ್ತಿರದ ಮನೆಯ ಅಂಗಳದ್ದು."

ಭಾನುವಾರ ನಾನು ಕಡಲ ಬದಿಗೆ ಹೋಗಿ ಒಂದು ಅಂಗಳದಲ್ಲಿ ಬಗ್ಗಿ ಕಾಗದಕ್ಕೆ ಮಣ್ಣು ತುಂಬಿಸುತ್ತಿದ್ದೆ. ಬಲೆ ಹೆಣೆಯುತ್ತಿದ್ದ ಒಬ್ಬರು ದೂರದಿಂದ ಕೂಗಿದರು. "ಹೋಯ್, ಯಾರಿಗೆ ಮಾಟ ಮಾಡಲಿಕ್ಕೆ ಮಾರಾಯ, ಅಂಗಳದ ಮಣ್ಣು?"

ಸುತ್ತ ಇದ್ದವರೆಲ್ಲ ನಕ್ಕರು. ಒಬ್ಬಳು, "ಮಣಿಪಾಲಕ್ಕೆ ಹೋಗಿ ಇದನ್ನಾ ಕಲಿತದ್ದು?" ಎಂದಳು. ತಮಾಷೆಯೇ. ಆದರೆ ನಮ್ಮ ಕಡೆ ಒಬ್ಬರ ಅಂಗಳದ ಮಣ್ಣನ್ನು ಇನ್ನೊಬ್ಬ ಕಟ್ಟಿಕೊಂಡು ಹೋಗುವುದು ಪೂರ್ತಿ ತಮಾಷೆಯೂ ಅಲ್ಲ. ಆ ಮನೆಯಲ್ಲಿ ನಾಳೆ ಒಂದು ದನ ಸತ್ತರೂ ನನ್ನ ಹೆಸರು ಬರುತ್ತದೆ. ಕಾರಣ ವಿವರಿಸಿದ್ದರೆ ಆಗುತ್ತಿತ್ತು. ದೊಡ್ಡ ಪೈಂಟರ್ ಎಂದು ಊರಲ್ಲಿ ತಲೆಯೆತ್ತಿ ನಡೆಯುವವನು ನಾನು, ಮಣ್ಣು ಹೆಕ್ಕುವುದು ನನ್ನ ಕೆಲಸ ಎಂದು ಹೇಗೆ ಹೇಳುವುದು? ಕಾಗದ ಕೊಡವಿ ಎದ್ದುಬಂದೆ. ಬಸ್ಸಿಗೆ ಕಾಯುವ ಜಾಗದಲ್ಲಿ, ಯಾರೂ ಇಲ್ಲದ್ದು ನೋಡಿ, ರಸ್ತೆ ಬದಿಯಿಂದ ಒಂದು ಹಿಡಿ ತುಂಬಿಸಿಕೊಂಡೆ.

ಸೋಮವಾರ ಮಾಸ್ಟ್ರು ಅದನ್ನು ಬಾಗಿಲ ಬೆಳಕಿಗೆ ಹಿಡಿದರು. "ಕಡಲ ಬದಿಯಲ್ಲಿ ಇಷ್ಟು ಕೆಂಪಾ?"

"ಹೌದು."

"ಅಂಗಳದ್ದಾ?"

"ಅಂಗಳದ್ದೇ. ನನ್ನ ಊರು ನನಗೆ ಗೊತ್ತಿಲ್ವಾ ಮಾಸ್ಟ್ರೇ?"

ಅವರು ನನ್ನ ಮುಖ ನೋಡಿದರು, ಮಣ್ಣು ನೋಡಿದರು. "ಸರಿ," ಎಂದು ಬಣ್ಣ ಬೆರೆಸಲಿಕ್ಕೆ ಕೂತರು. ಮೂರು ವಾರ ನಾವಿಬ್ಬರೂ ಸೇರಿ ಆ ನೆಲ ಮಾಡಿದೆವು. ಅಷ್ಟು ಚೊಕ್ಕ ಕೆಲಸ ನಾನು ಅದುವರೆಗೆ ಮಾಡಿರಲಿಲ್ಲ. ಮಾಡುತ್ತಾ ಮಾಡುತ್ತಾ ನನಗೇ ನನ್ನ ಸುಳ್ಳು ಮರೆತುಹೋಯಿತು. ಹುಟ್ಟಿದ ಊರಿನ ಮಣ್ಣನ್ನು ಮನುಷ್ಯ ಕಾಲಿನಿಂದ ಗುರುತಿಸುತ್ತಾನೆ, ಕಣ್ಣಿಟ್ಟು ನೋಡಿರುವುದಿಲ್ಲ.

ಉದ್ಘಾಟನೆ ಸೋಮವಾರ. ಹಿಂದಿನ ಗುರುವಾರ ಮಾಸ್ಟ್ರು ಆಫೀಸಿಗೆ ಹೋಗಿದ್ದಾಗ ಅಪ್ಪಿಯಕ್ಕ ಬಂದಳು. ಕಾಪುವಿನಿಂದ ಬುಟ್ಟಿ ಹೊತ್ತುಕೊಂಡು ಮಣಿಪಾಲದ ಮನೆಗಳಿಗೆ ಮೀನು ಮಾರುವವಳು, ನಮ್ಮ ಊರಿನವಳೆಂದು ಶೆಡ್ಡಿನ ಬಾಗಿಲಲ್ಲಿ ಬುಟ್ಟಿ ಇಳಿಸಿ ನೀರು ಕುಡಿದು ಹೋಗುತ್ತಿದ್ದಳು. ಅವಳನ್ನು ಕರೆದು ಹೆಮ್ಮೆಯಿಂದ ತೋರಿಸಿದೆ. "ಇದು ಯಾವ ಊರು ಹೇಳು ಅಕ್ಕ."

ಅವಳು ಸೆರಗಿನಿಂದ ಕೈ ಒರೆಸಿಕೊಂಡು ಬಗ್ಗಿದಳು. "ಅಯ್ಯೋ, ನಮ್ಮ ಊರಲ್ವಾ ಇದು! ಇಕೊ ದೋಣಿ. ಇಕೊ ನನ್ನ ಮನೆ." ಒಂದು ಗಳಿಗೆ ನೋಡಿ, "ಅಲ್ಲ ಮಾರಾಯ, ಊರು ಇಡೀ ಲಾರಿಯ ಮಣ್ಣು ಯಾಕೆ ಹಾಕಿದ್ದೀರಿ?" ಎಂದಳು.

"ಲಾರಿಯ ಮಣ್ಣು?"

"ರಸ್ತೆಗೆ ಪಂಚಾಯತಿನವರು ಗುಡ್ಡದ ಕಡೆಯಿಂದ ಲಾರಿಯಲ್ಲಿ ತಂದು ಹಾಕಿದ್ದಲ್ವಾ? ಅದೇ ಬಣ್ಣ ಇದು. ನಮ್ಮ ಅಂಗಳ ಹೀಗೆ ಉಂಟಾ? ನೀನು ಊರು ಬಿಟ್ಟು ಎಷ್ಟು ವರ್ಷ ಆಯಿತು?" ನಗುತ್ತಾ ಬುಟ್ಟಿ ಎತ್ತಿಕೊಂಡು ಹೋದಳು.

ಊರು ಬಿಟ್ಟಿದ್ದರೆ ತಾನೇ? ಪ್ರತಿ ದಿನ ಸಂಜೆ ಅದೇ ರಸ್ತೆಯಲ್ಲಿ ಇಳಿದು ಮನೆಗೆ ಹೋಗುವವನು ನಾನು.

ಆ ಸಂಜೆ ಹೇಳಲಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬರುವ ಅತಿಥಿಗಳು ಕಾಪುವಿನ ಅಂಗಳ ನೋಡಿದವರಲ್ಲ. ಹೇಳಿದರೆ ಮೂರು ವಾರದ ಕೆಲಸ ಹೋಗುತ್ತದೆ, ಮಾಸ್ಟ್ರ ಎರಡು ವರ್ಷವೂ ಹೋಗಬಹುದು. ಹೀಗೆಲ್ಲ ಅವರ ಹೆಸರಿನಲ್ಲಿ ಯೋಚನೆ ಮಾಡಿದೆ. ನಿಜಕ್ಕೂ ಹೆದರಿದ್ದು ಅವರ ಮುಖ ನೋಡುವುದಕ್ಕೆ.

ಶುಕ್ರವಾರ ಅವರು ಮಾದರಿಯ ಪಕ್ಕದಲ್ಲಿ ನಿಂತು, "ಒಣಗಿತು. ಇನ್ನು ನೋಡುವ," ಎಂದು ನನ್ನ ಹೆಗಲ ಮೇಲೆ ಕೈ ಇಟ್ಟರು. ಹಾಗೆ ಅವರು ಮೊದಲು ಯಾವತ್ತೂ ಮಾಡಿರಲಿಲ್ಲ. ಆ ಕೈ ಇಟ್ಟ ಮೇಲೆ ನನಗೆ ತಡೆಯಲಿಕ್ಕೆ ಆಗಲಿಲ್ಲ.

ಎಲ್ಲ ಕೇಳಿ ಅವರು ಸ್ಟೂಲಿನ ಮೇಲೆ ಕೂತರು. ಬ್ರಷ್ಷಿನ ಕೂದಲನ್ನು ಬೆರಳಲ್ಲಿ ನೇರ ಮಾಡಿದರು.

"ಅಂಗಳದ್ದೇ ಅಂತ ಹೇಳಿದ್ದು?"

"ಸುಳ್ಳು ಮಾಸ್ಟ್ರೇ."

"ಕಾಪುವಿಗೆ ಈಗ ಬಸ್ಸು ಉಂಟಾ?"

ಊದಿದ ಮೊಣಕಾಲಿನಲ್ಲಿ ಉಡುಪಿಯಲ್ಲಿ ಬಸ್ಸು ಬದಲಾಯಿಸಿ, ಕಡಲಿನವರೆಗೆ ಕುಂಟುತ್ತಾ ನಡೆದು, ಅಪ್ಪಿಯಕ್ಕನ ಅಂಗಳಕ್ಕೆ ಬಂದರು. ಅಂಗಳದ ಒಳಗೆ ಕಾಲಿಡಲಿಲ್ಲ. ಬೇಲಿಯ ಹೊರಗೇ ನಿಂತು ಚಪ್ಪಲಿ ಬಿಟ್ಟರು.

"ಅಕ್ಕ, ನಾನು ಕಾರ್ಕಳದವನು. ನಿಮ್ಮ ಮನೆಯ ನೆಲದ ಬಣ್ಣ ನನಗೆ ಬೇಕು. ನಾನು ಮುಟ್ಟುವುದಿಲ್ಲ. ನೀವೇ ನಿಮ್ಮ ಕೈಯಾರೆ ಒಂದು ಹಿಡಿ ಕೊಡಬೇಕು. ಕೆಲಸ ಮುಗಿದ ಮೇಲೆ ಇವನು ಅದನ್ನು ಹಾಗೆಯೇ ತಂದು ಇಲ್ಲೇ ಹಾಕುತ್ತಾನೆ."

ಅಷ್ಟೇ. ಮಾಟವಿಲ್ಲ, ನಗೆಯಿಲ್ಲ. ಬಲೆ ಹೆಣೆಯುತ್ತಿದ್ದವರೂ ಎದ್ದು ಬಂದು, ಇಲ್ಲಿಯದ್ದು ತಗೊಳ್ಳಿ, ಅಲ್ಲಿಯದ್ದು ಒಳ್ಳೆಯದು ಎಂದು ಹೇಳತೊಡಗಿದರು. ಅಪ್ಪಿಯಕ್ಕ ಕೊಟ್ಟ ಹಿಡಿಯಲ್ಲಿ ಬೂದು ಬಿಳಿ ಕಡಲ ಹೊಯಿಗೆ, ಒಲೆಯ ಬೂದಿ, ಪುಡಿಯಾದ ಚಿಪ್ಪು, ನಡುನಡುವೆ ಮಿನುಗುವ ಏನೋ ಒಂದು.

"ಇದು ಎಂತ?"

"ಮೀನಿನ ಹುರುಪೆ. ಗುಡಿಸಿದರೂ ಹೋಗುವುದಿಲ್ಲ."

ಮಾಸ್ಟ್ರು ಅಂಗೈಯನ್ನು ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಕಡೆ ತಿರುಗಿ, "ಇದನ್ನು ಬಣ್ಣದಲ್ಲಿ ಹೇಗೆ ತರುವುದು ಮಾರಾಯ?" ಎಂದರು. ಆ ಮುಖದಲ್ಲಿ ಸಿಟ್ಟು ಹುಡುಕಿದೆ. ಸಿಗಲಿಲ್ಲ. ಹೊಸ ಕೆಲಸ ಸಿಕ್ಕಿದ ಖುಷಿ ಮಾತ್ರ ಇತ್ತು.

ಸೋಮವಾರಕ್ಕೆ ಮುಗಿಯಲಿಲ್ಲ. ಒಂದು ಪದರ ಒಣಗದೆ ಇನ್ನೊಂದು ಹಚ್ಚುವುದಿಲ್ಲ ಎಂಬ ಮನುಷ್ಯ ಅವರು. ಉದ್ಘಾಟನೆಯ ದಿನ ಮೂರು ಊರು ತೆರೆದಿತ್ತು, ನಾಲ್ಕನೆಯದರ ಮೇಲೆ ಬಿಳಿ ಬಟ್ಟೆ. ಅತಿಥಿಗಳು ಅದರ ಮುಂದೆ ನಿಂತು, "ಇದು ಏನು?" ಎಂದು ಕೇಳಿದರು. ಮುಖ್ಯಸ್ಥರ ಮುಖ ಕಪ್ಪಾಯಿತು. ಎಲ್ಲರೂ ಚಹಾಕ್ಕೆ ಹೋದ ಮೇಲೆ ಮಾಸ್ಟ್ರನ್ನು ಕರೆದು ಕೇಳಿದರು. "ಕಳೆದ ವಾರ ಮುಗಿದಿತ್ತಲ್ಲ? ಏನಾಯಿತು?"

"ಬಣ್ಣ ತಪ್ಪಿತು ಸಾರ್. ನನ್ನದೇ ತಪ್ಪು."

"ಇಷ್ಟು ವರ್ಷದ ಅನುಭವದಲ್ಲಿ?"

"ಹೌದು ಸಾರ್."

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಬಿಳಿ ಬಟ್ಟೆಯ ಮಡಿಕೆ ಸರಿಮಾಡಿದೆ. ಎರಡು ವರ್ಷದ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಕಾಪುವಿನ ಮಾದರಿ ಮುಗಿದದ್ದು ಇನ್ನೂ ಹದಿನೈದು ದಿನಕ್ಕೆ. ನೆಲವೆಲ್ಲ ಹೊಸದು. ರಸ್ತೆಯ ಜಾಗದಲ್ಲಿ ನಾನು ಒದ್ದೆ ಬಟ್ಟೆ ಹಿಡಿದಾಗ ಅವರು ತಡೆದರು. "ಅದು ಇರಲಿ. ಅದು ಲಾರಿಯಲ್ಲಿ ಬಂದದ್ದೇ ಅಲ್ವಾ? ರಸ್ತೆಗೆ ನೀನು ತಂದದ್ದು ಸರಿಯಾದ ಮಣ್ಣು." ಹೀಗೆ ಬೂದು ಊರಿನ ನಡುವೆ ಒಂದು ಕೆಂಪು ರಸ್ತೆ ಉಳಿಯಿತು. ಅವರು ಹೇಳಿದ ಹಾಗೆ ಅಪ್ಪಿಯಕ್ಕನ ಮಣ್ಣನ್ನು ನಾನು ವಾಪಸು ಅವಳ ಅಂಗಳಕ್ಕೆ ಹಾಕಿ ಬಂದೆ. ಬಾಮಿನ ಬಾಟಲಿಗೆ ಅದು ಹೋಗಲಿಲ್ಲ.

ಬೀಳ್ಕೊಡುಗೆ ಸಭೆ ದೊಡ್ಡ ಕೋಣೆಯಲ್ಲಿ. ಮುಂದೆ ಓದಿದವರು, ಹಿಂದೆ ನಮ್ಮಂಥವರು. ಮುಖ್ಯಸ್ಥರು ಒಳ್ಳೆಯ ಮಾತೇ ಆಡಿದರು. ನಡುವೆ, "ಕೊನೆಯ ಕೆಲಸದಲ್ಲಿ ವಯಸ್ಸಿನಿಂದ ಒಂದು ಸಣ್ಣ ತಪ್ಪು ಆಗಿರಬಹುದು. ಅದನ್ನು ನಾವು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ," ಎಂದರು.

ವಯಸ್ಸಿನಿಂದ ಎಂಬ ಮಾತು ಕೇಳಿದ್ದೇ ನಾನು ಎದ್ದು ನಿಂತೆ. "ಸಾರ್," ಎಂದೆ. ಎಲ್ಲ ತಲೆಗಳೂ ತಿರುಗಿದವು. ಅಂಥ ಸಭೆಯಲ್ಲಿ ನಾನು ಮೊದಲ ಸಲ ಬಾಯಿ ತೆರೆದದ್ದು. "ಮಾಸ್ಟ್ರ ಕಣ್ಣು ತಪ್ಪಲಿಲ್ಲ. ಮಣ್ಣು ತಂದದ್ದು ನಾನು. ರಸ್ತೆ ಬದಿಯದ್ದು ತಂದು ಅಂಗಳದ್ದು ಎಂದು ಸುಳ್ಳು ಹೇಳಿದ್ದೂ ನಾನು. ಆ ದಿನ ಹೇಳಬೇಕಿತ್ತು, ಹೇಳಲಿಲ್ಲ."

"ಕೂತುಕೋ ಮಾರಾಯ," ಎಂದು ಮಾಸ್ಟ್ರು ವೇದಿಕೆಯಿಂದಲೇ ಗದರಿದರು. ನಾನು ಕೂರಲಿಲ್ಲ.

ಅವರ ಸರದಿ ಬಂದಾಗ ಎದ್ದರು. ಬರೆದುಕೊಂಡು ಬಂದಿದ್ದ ಕಾಗದವನ್ನು ಮಡಿಚಿ ಕಿಸೆಗೆ ಹಾಕಿದರು.

"ಅವನು ಅರ್ಧ ಹೇಳಿದ. ಆ ಮಣ್ಣು ಕಡಲ ಬದಿಯದ್ದಲ್ಲ ಎಂದು ನನ್ನ ಕಣ್ಣಿಗೆ ಅವತ್ತೇ ಗೊತ್ತಾಗಿತ್ತು. ಆದರೂ ಅವನ ಮಾತು ನಂಬಿದೆ. ಜೊತೆಯಲ್ಲಿ ಕೂತು ಕೆಲಸ ಮಾಡುವವನನ್ನು ನಂಬದೆ ಕಣ್ಣನ್ನು ಮಾತ್ರ ನಂಬಿದರೆ ಒಬ್ಬನೇ ಕೆಲಸ ಮಾಡಬೇಕಾಗುತ್ತದೆ. ಅದು ನನಗೆ ಬೇಡ ಎಂದು ಕಂಡಿತು. ಈಗಲೂ ಅವನು ಒಂದು ಪೊಟ್ಟಣ ತಂದು ಅಂಗಳದ್ದು ಎಂದರೆ ನಾನು ಬಣ್ಣ ಬೆರೆಸಲಿಕ್ಕೆ ಕೂರುತ್ತೇನೆ."

ಇಷ್ಟು ಹೇಳಿ ಕೂತುಬಿಟ್ಟರು. ಭಾಷಣ ಮುಗಿಯಿತೋ ಇಲ್ಲವೋ, ಕೈತಟ್ಟಬೇಕೋ ಬೇಡವೋ ಎಂದು ಮುಂದಿನ ಸಾಲಿನವರಿಗೆ ಗೊತ್ತಾಗಲಿಲ್ಲ. ಯಾರೋ ಒಬ್ಬರು ಶುರು ಮಾಡಿದರು, ಆಮೇಲೆ ಎಲ್ಲರೂ ತಟ್ಟಿದರು. ನಾನು ತಟ್ಟಲಿಲ್ಲ. ಎದುರಿನ ಕುರ್ಚಿಯ ಬೆನ್ನನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತೇ ಇದ್ದೆ.